ಡೀಸೆಲ್ ಕ್ಯಾನಿಗೆ ಬೀಗದ ಪಟ್ಟಿ: ನಾನು ಮಾಡಿಕೊಂಡ ಬಗೆ

ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಕೈಕೊಟ್ಟ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಓಡಿಸಲೇಬೇಕು. ಕೆರೆ ಬದಿಯ ಪಂಪಿಗೆ ಬೇಕಾದ ಡೀಸೆಲನ್ನು ಜೀಪಿನಲ್ಲೇ ಒಯ್ಯಬೇಕು. 20 ಲೀಟರಿನ ತಗಡಿನ ಕ್ಯಾನ್ ತುಂಬಿದರೆ ಸುಮಾರು 21 ಕೆಜಿ. ತೋಟದ ಏರಿಳಿತದಲ್ಲಿ ಅದು ಮಗುಚಬಾರದು, ಗೋಣಿಕೊಪ್ಪಲು ಪೇಟೆಯಲ್ಲಿ ಜೀಪು ನಿಲ್ಲಿಸಿದಾಗ ಮಾಯವಾಗಲೂಬಾರದು. ಎರಡನ್ನೂ ಒಂದೇ ಪಟ್ಟಿಗೆ ಹೊರಿಸಿದರೆ ಎರಡೂ ಕೆಡುತ್ತವೆ: ಪಟ್ಟಿ ಬಿಗಿಯಾದರೆ ಬೀಗ ಕೂರುವುದಿಲ್ಲ, ಬೀಗ ಸಲೀಸಾಗಿ ಕೂತರೆ ಕ್ಯಾನ್ ಕುಣಿಯುತ್ತದೆ. ಅದಕ್ಕೇ ಬಿಗಿಯುವುದನ್ನು 25 ಮಿ.ಮೀ. ರ‍್ಯಾಚೆಟ್ ಬೆಲ್ಟಿಗೆ ಬಿಟ್ಟೆ. ಕಬ್ಬಿಣದ ಪಟ್ಟಿಗೆ ಬೀಗದ ಕೆಲಸ ಮಾತ್ರ.

ಮೊದಲು ಹೊಳೆಯುವುದು ಕ್ಯಾನಿನ ಮೇಲಿಂದ ಕವುಚುವ ಒಂದೇ ಪಟ್ಟಿ, ಒಂದು ಕಾಲಿನ ಬುಡಕ್ಕೆ ಕೀಲು. ಅದು ತೆರೆಯುವುದೇ ಇಲ್ಲ. ತಿರುಗಿಸುವಾಗ ಇನ್ನೊಂದು ಕಾಲು ಕ್ಯಾನಿನ ಹೊಟ್ಟೆಗೆ ತಾಗಿ ನಿಲ್ಲುತ್ತದೆ. ಕೀಲನ್ನು ಮೇಲಕ್ಕೆ ತಂದರೆ ಮುಗಿಯಿತು: ಎರಡು ಕಾಲೂ ಖಾಯಂ, ಮೇಲಿನ ಅಡ್ಡಪಟ್ಟಿ ಮಾತ್ರ ಏಳುತ್ತದೆ, ಕ್ಯಾನ್ ನೇರ ಮೇಲಕ್ಕೆ ಬರುತ್ತದೆ. ಬೀಗವೂ ಕೆಸರಿನಿಂದ ದೂರ.

ನನ್ನ ಕ್ಯಾನ್ 47 ಸೆಂ.ಮೀ. ಎತ್ತರ, 35 ಅಗಲ, 17 ದಪ್ಪ. 25×25×3 ಮಿ.ಮೀ. ಆಂಗಲ್‌ನಲ್ಲಿ (L ಆಕಾರದ ಕಬ್ಬಿಣ) ಒಳಅಳತೆ 36×18 ಸೆಂ.ಮೀ. ಇರುವ ಟ್ರೇ, ಅದರ ಉದ್ದ ಬದಿಗಳ ನಡುವೆ ಎದುರುಬದುರು ಎರಡು ಕಾಲು. ಕತ್ತರಿಸಿ ಹೋಗುವುದೂ ಸೇರಿ ಎರಡೂವರೆ ಮೀಟರ್ ಸಾಕು. ಅಡ್ಡಪಟ್ಟಿ 32×5 ಮಿ.ಮೀ., ಅರ್ಧ ಮೀಟರ್ ತಂದರೆ ಮಿಗುತ್ತದೆ. ಕಾಲಿನ ಎತ್ತರವೇ ಇಲ್ಲಿ ಜೀವಾಳ. ಬೀಗ ಹಾಕಿದಾಗ ಹಿಡಿಕೆಗೂ ಪಟ್ಟಿಗೂ ನಡುವೆ 5 ಮಿ.ಮೀ. ಸಂದು ಉಳಿಯಬೇಕು. ಆ ಸಂದು ಟ್ರೇ ಅಂಚಿನ 25 ಮಿ.ಮೀ.ಗಿಂತ ಎಷ್ಟೋ ಕಡಿಮೆ ಇರುವುದರಿಂದ ಕ್ಯಾನನ್ನು ಎತ್ತಿ ಪಕ್ಕಕ್ಕೆ ಎಳೆಯಲಾಗುವುದಿಲ್ಲ.

ಬೆಸುಗೆಗೆ ಅಳತೆ ನೋಡಲು ಕ್ಯಾನನ್ನೇ ಟ್ರೇಯಲ್ಲಿ ಇಡಬೇಡಿ. ಖಾಲಿ ಕ್ಯಾನಿನ ಆವಿ ತುಂಬಿದ ಕ್ಯಾನಿಗಿಂತ ಕೆಟ್ಟದ್ದು. ಅದೇ ಅಳತೆಗೆ ಪ್ಲೈವುಡ್ ಡಬ್ಬಿ ಮಾಡಿ ಇಡಿ. ಜೀಪಿನ ಮೇಲೂ ಬೆಸುಗೆ ಬೇಡ, ಟ್ರೇಯನ್ನು ಹೊರಗೆ ಮುಗಿಸಿ ಬೋಲ್ಟಿನಲ್ಲಿ ಕೂರಿಸಿ.

ಕಳ್ಳ ಬೀಗ ಮುಟ್ಟುವುದೇ ಇಲ್ಲ, ಬೋಲ್ಟ್ ಬಿಚ್ಚುತ್ತಾನೆ. ಮಾಮೂಲಿ 10 ಮಿ.ಮೀ. ಬೋಲ್ಟಿಗೆ 17ರ ಸ್ಪ್ಯಾನರ್ ಸಾಕು. ಉರುಟು ತಲೆಯ ಬೋಲ್ಟ್ ಮೇಲಿಂದ ಹಾಕಿ, ಜೀಪಿನ ಅಡಿಯಲ್ಲಿ ದೊಡ್ಡ ವಾಷರ್, ನಟ್ಟು ಬಿಗಿದು, ಹೊರಗುಳಿದ ಬೋಲ್ಟಿನ ಮರೆಯ (ತ್ರೆಡ್ಡಿನ) ತುದಿ ಚಚ್ಚಿಬಿಡಿ. ಕೀಲಿಗೂ ಇದೇ ಮಾತು. ಬಾಗಿಲಿನ ಹಿಂಜಸ್‌ನ ಪಿನ್ ಎರಡು ಪೆಟ್ಟಿಗೆ ಹೊರಬರುತ್ತದೆ, ಅದರ ಎರಡೂ ತುದಿಗೆ ಬೆಸುಗೆಯ ಚುಕ್ಕೆ ಬೇಕು. ಬೀಗ ಸಿಕ್ಕಿಸುವ ಕೊಂಡಿಗೆ 8 ಮಿ.ಮೀ. ಸರಳು. ಪಟ್ಟಿಯ ತೂತು ಕೊಂಡಿಗೆ ಹಿಡಿದಷ್ಟೇ ಇರಲಿ. ಸಡಿಲವಾದರೆ ಕಬ್ಬಿಣದ ಸಲಾಕೆಗೆ ನಾವೇ ಜಾಗ ಕೊಟ್ಟಂತೆ.

ಕ್ಯಾನ್ ಉಳಿದು ಡೀಸೆಲ್ ಮಾತ್ರ ಹೋಗುವುದೂ ಉಂಟು, ಒಂದು ಪೈಪಿದ್ದರೆ ಸಾಕು. ಅಡ್ಡಪಟ್ಟಿಗೆ 12 ಸೆಂ.ಮೀ. ನಾಲಗೆ ಬೆಸೆದು, ಅದರ ತುದಿ ಮುಚ್ಚಳದ ಲೀವರಿನ ಮೇಲೆ ಬರುವಂತೆ ಬಗ್ಗಿಸಿದೆ. ಈಗ ಪಟ್ಟಿ ಎದ್ದರೆ ಮಾತ್ರ ಲೀವರ್ ಏಳುತ್ತದೆ.

ನಮ್ಮ ಮಳೆಗಾಲಕ್ಕೆ ಟ್ರೇಯ ನಾಲ್ಕು ಮೂಲೆಗೂ 10 ಮಿ.ಮೀ. ತೂತು ಬೇಕು. ಅಡಿಗೆ ಹಳೆ ಟ್ಯೂಬಿನ ರಬ್ಬರನ್ನು ಪೂರ್ತಿ ಹಾಸಿದರೆ ನೀರು ಅಲ್ಲೇ ನಿಂತು ಕ್ಯಾನಿನ ತಳ ತುಕ್ಕು ಹಿಡಿಯುತ್ತದೆ. ಬೆರಳಗಲದ ಪಟ್ಟಿಗಳಾಗಿ, ನಡುವೆ ಸಂದು ಬಿಟ್ಟು ಅಂಟಿಸಿ. ಡೀಸೆಲ್ ತಾಗಿದ ಟ್ಯೂಬು ಉಬ್ಬಿ ಮೆತ್ತಗಾಗುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ರೆಡ್ ಆಕ್ಸೈಡ್ ಎರಡು ಕೋಟ್. ಬೀಗ ಹಿತ್ತಾಳೆಯದು, ಕೀಲಿಕೈ ತೂತು ಕೆಳಮುಖ. ಅದಕ್ಕೆ ಎಣ್ಣೆ ಬಿಟ್ಟರೆ ಧೂಳು ಕಚ್ಚುತ್ತದೆ, ಗ್ರಾಫೈಟ್ ಪುಡಿ ಹಾಕಿ.

ಬಂಕಿನಲ್ಲಿ ಬೀಗ ತೆಗೆಯುವ ಬೇಜಾರಿಗೆ ಜೀಪಿನಲ್ಲೇ ತುಂಬಿಸುವವರಿದ್ದಾರೆ. ಕಳೆ ಯಂತ್ರಕ್ಕೆ ಪೆಟ್ರೋಲ್ ಒಯ್ಯುವವರಿಗಂತೂ ಇದು ಅಪಾಯ, ಸ್ಥಾಯಿ ವಿದ್ಯುತ್ತಿನ ಒಂದು ಕಿಡಿ ಸಾಕು. ಕ್ಯಾನನ್ನು ನೆಲಕ್ಕಿಳಿಸಿ, ಹಿಗ್ಗಲು ಜಾಗ ಬಿಟ್ಟು 19 ಲೀಟರಿಗೇ ನಿಲ್ಲಿಸಿ. ಪರವಾನಗಿಯಿಲ್ಲದೆ ಪೆಟ್ರೋಲ್ ಇಟ್ಟುಕೊಳ್ಳಬಹುದಾದ ಮಿತಿ 30 ಲೀಟರ್, ಲೋಹದ ಕ್ಯಾನ್ 25 ಲೀಟರ್ ಮೀರಬಾರದು.