ನದಿ ಹಿಡಿದು ಓಡಿ, ಬೆಟ್ಟ ಆಮೇಲೆ ನೋಡೋಣ: ಸ್ಪೇನಿನ ಆಸ್ತೂರಿಯಸ್‌ನಲ್ಲಿ ಓಟದ ದಾರಿಗಳು

ಓಡುವವರ ಲೆಕ್ಕವೆಲ್ಲ ಕಿಲೋಮೀಟರಿನಲ್ಲಿ. ಕಬ್ಬನ್ ಪಾರ್ಕಿನಲ್ಲಿ ಅದು ಸರಿ. ಉತ್ತರ ಸ್ಪೇನಿನ ಆಸ್ತೂರಿಯಸ್‌ನಲ್ಲಿ ಅದೇ ಲೆಕ್ಕ ಹಿಡಿದು ಹೊರಟರೆ ಮಧ್ಯಾಹ್ನದ ಊಟ ತಪ್ಪಿಹೋಗುತ್ತದೆ. ಅಲ್ಲಿ ಸಮುದ್ರದಿಂದ ಸುಮಾರು 25 ಕಿ.ಮೀ. ಒಳಗೇ 2,600 ಮೀಟರ್ ದಾಟುವ ಸುಣ್ಣಕಲ್ಲಿನ ಶಿಖರಗಳಿವೆ. ಅವುಗಳ ನಡುವೆ ನದಿಗಳು ಬಂಡೆ ಕೊರೆದುಕೊಂಡು ಹರಿಯುತ್ತವೆ. ನಾಲ್ಕು ಕಿ.ಮೀ. ಅನ್ನುವುದು ಒಂದು ಕಡೆ ಅರ್ಧ ಗಂಟೆಯೂ ಅಲ್ಲ, ಇನ್ನೊಂದು ಕಡೆ ಒಂದೂವರೆ ಗಂಟೆ.

ಹಾಗಾಗಿ ದಾರಿ ಆರಿಸುವಾಗ ದೂರ ಎಷ್ಟು ಎನ್ನುವುದಕ್ಕಿಂತ ಮೊದಲು ಇನ್ನೊಂದು ಪ್ರಶ್ನೆ ಕೇಳಿ. ಇದನ್ನು ಯಾರು, ಯಾತಕ್ಕೆ ಮಾಡಿದ್ದು? ರೈಲಿಗಾಗಿ ಮಾಡಿದ ದಾರಿಯಾದರೆ ಏರು ಕಾಲಿಗೆ ಗೊತ್ತೇ ಆಗುವುದಿಲ್ಲ. ಕಾಲುವೆ ನೋಡಿಕೊಳ್ಳುವವರಿಗಾಗಿ ಮಾಡಿದ್ದಾದರೆ ಬಹುಪಾಲು ಮಟ್ಟ, ಆದರೆ ಪಕ್ಕದಲ್ಲೇ ಪ್ರಪಾತ. ಹಳ್ಳಿಯವರು ಹೇಸರಗತ್ತೆ ಹೊಡೆದುಕೊಂಡು ಹೋಗಲು ಮಾಡಿದ್ದಾದರೆ ಸುತ್ತು ಬಳಸು ಏನಿಲ್ಲ, ನೇರ ಮೇಲಕ್ಕೆ. ಮೊದಲ ಸಲ ಹೋಗುವವರು ಈ ಮೂರನ್ನೂ ಇದೇ ಸರದಿಯಲ್ಲಿ ಓಡುವುದು ಒಳ್ಳೆಯದು.

ಹಂತ 1: ತಿಂಗಳು ನೋಡಿ ಟಿಕೆಟ್ ತೆಗೆಯಿರಿ

ಮೇ ಕೊನೆಯಿಂದ ಜೂನ್ ಮುಗಿಯುವವರೆಗೆ, ಇಲ್ಲವೇ ಸೆಪ್ಟೆಂಬರ್. ಜುಲೈ, ಆಗಸ್ಟ್‌ನಲ್ಲಿ ಇಡೀ ಸ್ಪೇನ್ ರಜೆಯಲ್ಲಿರುತ್ತದೆ. ದಕ್ಷಿಣದ ಬಿಸಿಲು ತಾಳಲಾರದವರೆಲ್ಲ ಇಲ್ಲಿಗೇ ಬರುತ್ತಾರೆ. ಚಳಿಗಾಲದಲ್ಲಿ ಎತ್ತರದ ದಾರಿಗಳಲ್ಲಿ ಹಿಮ ಬೀಳುತ್ತದೆ, ಕಣಿವೆಗಳಲ್ಲಿ ಕಲ್ಲೂ ಮಂಜುಗಡ್ಡೆಯೂ ಉರುಳುತ್ತವೆ. ಅದು ನಮ್ಮ ಕೆಲಸವಲ್ಲ.

ಯಾವ ತಿಂಗಳು ಹೋದರೂ ಮಳೆ ಇದ್ದದ್ದೇ. ಸ್ಪೇನ್ ಎಂದರೆ ಒಣಬಿಸಿಲು ಅಂದುಕೊಂಡವರಿಗೆ ಈ ಹಸಿರು ನೋಡಿ ನಂಬಿಕೆಯೇ ಬರುವುದಿಲ್ಲ. ನಮ್ಮ ಮಲೆನಾಡಿನ ಜಿಟಿಜಿಟಿ ಮಳೆಯ ಹಾಗೆಯೇ ಹಿಡಿದು ಕೂರುತ್ತದೆ, ಚಳಿ ಮಾತ್ರ ಜಾಸ್ತಿ. ಒಂದು ಅನುಕೂಲವೂ ಇದೆ. ಜೂನ್‌ನಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಬೆಳಗಿನ ಓಟ ಮಳೆಗೆ ಹೋಯಿತು ಅಂದರೆ ಸಂಜೆ ಇದ್ದೇ ಇದೆ.

ಷೆಂಗನ್ ವೀಸಾಕ್ಕೆ ಕನಿಷ್ಠ 30,000 ಯೂರೊ ಮೊತ್ತದ ವಿಮೆ ಹೇಗೂ ಮಾಡಿಸುತ್ತೀರಿ. ಅದರಲ್ಲಿ ಬೆಟ್ಟದ ದಾರಿಯ ಓಟ, ರಕ್ಷಣಾ ಕಾರ್ಯಾಚರಣೆ ಸೇರಿದೆಯಾ ಅಂತ ಸಣ್ಣ ಅಕ್ಷರ ಓದಿ ನೋಡಿ. ಎಷ್ಟೋ ಪಾಲಿಸಿಗಳಲ್ಲಿ ಸೇರಿರುವುದಿಲ್ಲ.

ಹಂತ 2: ಒವಿಯೆದೊದಲ್ಲಿ ಬಿಡಾರ ಹೂಡಿ, ಕಾಲು ಪಳಗಿಸಿ

ಮ್ಯಾಡ್ರಿಡ್‌ನಿಂದ ಆಸ್ತೂರಿಯಸ್‌ನ ರಾಜಧಾನಿ ಒವಿಯೆದೊಗೆ ರೈಲು ಹಿಡಿಯಿರಿ. 2023ರ ನವೆಂಬರ್‌ನಲ್ಲಿ ಬೆಟ್ಟದಡಿಯ ಹೊಸ ಸುರಂಗ ಮಾರ್ಗ ತೆರೆದ ಮೇಲೆ ವೇಗದ ರೈಲುಗಳು ಮೂರೂ ಕಾಲು ಗಂಟೆಯ ಆಸುಪಾಸಿನಲ್ಲಿ ಮುಟ್ಟಿಸುತ್ತವೆ. ಇದರಲ್ಲಿ ಒಂದು ಸುರಂಗವೇ ಸುಮಾರು 25 ಕಿ.ಮೀ. ಉದ್ದ. ಆ ಕಡೆ ಬಿಸಿಲಿನ ಬಯಲು, ಈ ಕಡೆ ಮೋಡ ಮುಸುಕಿದ ಕಣಿವೆ.

ಮೊದಲ ದಿನ ದೂರ ಹೋಗಬೇಡಿ. ಊರಿನ ಬೆನ್ನಿಗೇ ನರಾಂಕೊ ಬೆಟ್ಟವಿದೆ, 634 ಮೀಟರ್ ಎತ್ತರ. ಅದರ ಮಗ್ಗುಲಿನಲ್ಲಿ ‘ಪಿಸ್ತಾ ಫಿನ್ಲಾಂದೇಸಾ’ ಎಂಬ ಹಾದಿ ಇದೆ. ಊರಿನವರು ಓಡಲು ಬರುವುದು ಇಲ್ಲಿಗೇ. ಹೆಚ್ಚು ಏರಿಳಿತವಿಲ್ಲ, ಕೆಳಗೆ ಇಡೀ ಊರು ಕಾಣುತ್ತದೆ. ಹತ್ತಿರದಲ್ಲೇ 9ನೇ ಶತಮಾನದ ಸಾಂತಾ ಮರೀಯಾ ದೆಲ್ ನರಾಂಕೊ ಕಟ್ಟಡ. ರಾಜನ ಅರಮನೆಯಾಗಿ ಕಟ್ಟಿದ್ದು, ಆಮೇಲೆ ಚರ್ಚ್ ಆಯಿತು. ಬೆವರಿನಲ್ಲೇ ಹೋಗಿ ನೋಡಬಹುದು, ಯಾರೂ ಏನೂ ಅನ್ನುವುದಿಲ್ಲ.

ಇನ್ನೊಂದು ಬೆಳಗ್ಗೆ ಊರಿನ ಚಳಿಗಾಲದ ಉದ್ಯಾನದಿಂದ, ಅಂದರೆ ಪಾರ್ಕೆ ದೆ ಇನ್ವಿಯೆರ್ನೊದಿಂದ ಹೊರಟು ಫೂಸೊ ದೆ ಲಾ ರೇನಾ ಕಡೆಗೆ ಇಳಿಯಿರಿ. ಹಳೆಯ ರೈಲು ಮಾರ್ಗವಿದು, ನಲೋನ್ ನದಿಯ ಕಡೆಗೆ ಹೋಗುತ್ತದೆ. ಹೋಗುವಾಗ ಇಳಿಜಾರು, ಬರುವಾಗ ಏರು. ಉತ್ಸಾಹದಲ್ಲಿ ಮುಂದೆ ಹೋದಷ್ಟೂ ವಾಪಸು ಬರುವಾಗ ಕಾಲು ಬೈದುಕೊಳ್ಳುತ್ತದೆ.

ಹಂತ 3: ರೈಲಿನ ದಾರಿ, ಕರಡಿಯ ಹೆಸರು

ಈಗ ಉದ್ದದ ಓಟಕ್ಕೆ ಬನ್ನಿ. ಒವಿಯೆದೊದ ನೈಋತ್ಯಕ್ಕೆ ತ್ರೂಬಿಯಾ ನದಿ ಕಣಿವೆಯಲ್ಲಿ ‘ಸೆಂಡಾ ದೆಲ್ ಓಸೊ’ ಇದೆ, ಕರಡಿ ಹಾದಿ. ಕಬ್ಬಿಣದ ಅದಿರು, ಕಲ್ಲಿದ್ದಲು ಸಾಗಿಸುತ್ತಿದ್ದ ಗಣಿ ರೈಲು ನಿಂತ ಮೇಲೆ ಹಳಿ ಕಿತ್ತು ನಡೆಯುವವರಿಗೂ ಸೈಕಲ್ಲಿನವರಿಗೂ ಬಿಟ್ಟುಕೊಟ್ಟ ದಾರಿ. ಉಗಿ ಎಂಜಿನ್ ಏರಲು ಆಗುವಷ್ಟೇ ಏರು. ಹೊಸಬರಿಗೆ ಇದಕ್ಕಿಂತ ಒಳ್ಳೆಯ ದಾರಿ ಆಸ್ತೂರಿಯಸ್‌ನಲ್ಲಿ ಇಲ್ಲ ಎಂದೇ ನನ್ನ ಲೆಕ್ಕ.

ತುನ್ಯೋನ್‌ನಿಂದ ಶುರು ಮಾಡಿ. ಐದಾರು ಕಿ.ಮೀ. ಹೋದರೆ ಪ್ರೊವಾಸಾ ಊರು. ಈ ದಾರಿಗೆ ಹೆಸರು ತಂದುಕೊಟ್ಟಿದ್ದು ಪ್ರೊವಾಸಾ ಬಳಿಯ ಬೇಲಿಯೊಳಗೆ ಬದುಕಿದ ಪಾಕಾ, ತೋಲಾ ಎಂಬ ಅಕ್ಕತಂಗಿ ಕರಡಿಗಳು. 1989ರಲ್ಲಿ ಕಳ್ಳಬೇಟೆಗಾರರು ತಾಯಿಯನ್ನು ಕೊಂದಾಗ ಇವು ಪುಟ್ಟ ಮರಿಗಳು. ಕಾಡು ಕರಡಿಗಳೂ ಈ ಪರ್ವತಗಳಲ್ಲಿವೆ. ಈ ದಾರಿಯಲ್ಲಿ ಎದುರಾಗುವುದು ಮಾತ್ರ ಬಹಳ ಅಪರೂಪ, ಹೆದರಬೇಡಿ.

ಪ್ರೊವಾಸಾ ದಾಟಿದ ಮೇಲೆ ಕಣಿವೆ ಕಿರಿದಾಗುತ್ತದೆ. ಪೆನ್ಯಾಸ್ ಹುಂತಾಸ್ ಎಂಬಲ್ಲಿ ಎರಡೂ ಕಡೆಯ ಬಂಡೆ ಹತ್ತಿರ ಹತ್ತಿರ ಬಂದು, ನಡುವೆ ನದಿಗೂ ರಸ್ತೆಗೂ ಅಷ್ಟೇ ಜಾಗ. ನಿಮ್ಮ ದಾರಿ ಸುರಂಗದೊಳಗೆ ನುಗ್ಗುತ್ತದೆ. ಇಲ್ಲಿ ತಂಪು ಕನ್ನಡಕ ತಲೆಯ ಮೇಲೇರಿಸಿ, ವೇಗ ಇಳಿಸಿ. ಬಿಸಿಲಿನಿಂದ ಒಳಗೆ ಹೋದ ತಕ್ಷಣ ಏನೂ ಕಾಣಿಸುವುದಿಲ್ಲ. ಮೇಲಿಂದ ನೀರು ತೊಟ್ಟಿಕ್ಕಿ ನೆಲ ಜಾರುತ್ತದೆ. ಎದುರಿನಿಂದ ಬರುವ ಸೈಕಲ್ಲಿನ ಬೆಲ್ ಕೇಳಿಸಿದಾಗ ಅದು ಎಷ್ಟು ದೂರದಲ್ಲಿದೆ ಅಂತ ಅಂದಾಜೂ ಸಿಗುವುದಿಲ್ಲ.

ಇಲ್ಲೇ ನಮ್ಮವರಿಗೆ ಒಂದು ಎಚ್ಚರಿಕೆ. ಬಲಗಡೆ ಓಡಿ. ಗಾಬರಿಯಾದಾಗ ನಮ್ಮ ಕಾಲು ತಾನಾಗಿಯೇ ಎಡಕ್ಕೆ ಸರಿಯುತ್ತದೆ, ಸ್ಪೇನಿನ ಸೈಕಲ್ಲಿನವರು ಅವರ ಬಲಕ್ಕೆ ಸರಿಯುತ್ತಾರೆ. ಎರಡೂ ಒಂದೇ ಕಡೆ! ಬಾಡಿಗೆ ಸೈಕಲ್ಲಿನಲ್ಲಿ ಮೇಲಿನ ಎಂತ್ರಾಗೊದಿಂದ ಇಳಿಯುವ ಕುಟುಂಬಗಳೇ ಇಲ್ಲಿ ಜಾಸ್ತಿ, ಮಕ್ಕಳು ಬ್ರೇಕ್ ಹಿಡಿಯುವುದು ಕಡಿಮೆ.

ಕರಾಂಗಾದಲ್ಲಿ ದಾರಿ ಕವಲೊಡೆಯುತ್ತದೆ. ಒಂದು ತೆವೆರ್ಗಾ ಕಡೆಯ ಎಂತ್ರಾಗೊಗೆ, ಇನ್ನೊಂದು ಕಿರೋಸ್ ಕಡೆಗೆ, ವಾಲ್ದೆಮೂರಿಯೊ ಜಲಾಶಯದ ಅಂಚಿನಲ್ಲಿ. ತುನ್ಯೋನ್‌ನಿಂದ ಎಂತ್ರಾಗೊವರೆಗೆ ಹೆಚ್ಚು ಕಡಿಮೆ ಒಂದು ಹಾಫ್ ಮ್ಯಾರಥಾನ್ ದೂರ. ನೋಟ ಬೇಕೆಂದರೆ ಕಿರೋಸ್, ಮೈಲೇಜ್ ಬೇಕೆಂದರೆ ಎಂತ್ರಾಗೊ.

ಹಂತ 4: ಕಾರೆಸ್ ಕಣಿವೆ

ಎಲ್ಲರೂ ಹೇಳುವ ದಾರಿ ಇದೇ. ಹೆಸರು ಕೇಳಿ ಬಂದವರಿಗೆ ನಿರಾಸೆಯಂತೂ ಆಗುವುದಿಲ್ಲ. ಇದು ಪೀಕೋಸ್ ದೆ ಎವ್ರೋಪಾ ರಾಷ್ಟ್ರೀಯ ಉದ್ಯಾನದೊಳಗಿದೆ. 1918ರಲ್ಲಿ ಕೊವಾದೊಂಗಾ ಹೆಸರಿನಲ್ಲಿ ಶುರುವಾದ, ಸ್ಪೇನಿನ ಮೊಟ್ಟಮೊದಲ ರಾಷ್ಟ್ರೀಯ ಉದ್ಯಾನ ಇದೇ.

ದಾರಿ ಹುಟ್ಟಿದ್ದು ಕರೆಂಟಿನಿಂದ. ಕಾಯಿನ್ ಊರಿನ ಬಳಿ ಕಾರೆಸ್ ನದಿಯ ನೀರನ್ನು ತಿರುಗಿಸಿ, ಬಂಡೆಯೊಳಗೆ ಕಾಲುವೆ ಕೊರೆದು, ಪೊನ್ಸೆಬೊಸ್ ಬಳಿಯ ವಿದ್ಯುತ್ ಸ್ಥಾವರಕ್ಕೆ ಬೀಳಿಸುತ್ತಾರೆ. ಕಾಲುವೆ ಆಗಿದ್ದು 1921ರ ಹೊತ್ತಿಗೆ. ಅದನ್ನು ನೋಡಿಕೊಳ್ಳುವ ಕೆಲಸದವರು ಓಡಾಡಲೆಂದು 1940ರ ದಶಕದ ಕೊನೆಯಲ್ಲಿ ಬಂಡೆ ಕಡಿದು ಈಗಿನ ಹಾದಿ ಮಾಡಿದರು. ಕಾಲುವೆ ನೀರಿಗೆ ಸಣ್ಣ ಇಳಿಜಾರು ಸಾಕು. ಅದಕ್ಕೇ ಹಾದಿಯೂ ಹೆಚ್ಚಿನ ಕಡೆ ಮಟ್ಟವಾಗಿದೆ. ಅಗಲ ಒಂದೂವರೆ ಮೀಟರ್ ಇದ್ದರೆ ಹೆಚ್ಚು. ಕಂಬಿ ಇಲ್ಲ. ಕೆಳಗೆ ನದಿ ಎಷ್ಟೋ ಆಳದಲ್ಲಿ ಹಸಿರು ದಾರದ ಹಾಗೆ ಕಾಣುತ್ತದೆ.

ಪೊನ್ಸೆಬೊಸ್‌ನಿಂದ ಕಾಯಿನ್‌ಗೆ ಹೋಗಲು ಸುಮಾರು 12 ಕಿ.ಮೀ., ಬರಲು ಅಷ್ಟೇ. ಹೇಗೆ ಓಡಬೇಕು ಅಂದರೆ:

ಬೆಳಗ್ಗೆ ಏಳಕ್ಕೆಲ್ಲ ಪೊನ್ಸೆಬೊಸ್‌ನಲ್ಲಿರಿ. ಹತ್ತು ಗಂಟೆಯ ಮೇಲೆ ಅಲ್ಲಿ ಓಡಲು ಜಾಗವಿರುವುದಿಲ್ಲ, ಕಾರು ನಿಲ್ಲಿಸಲೂ ಇರುವುದಿಲ್ಲ. ಆರಂಭದಲ್ಲೇ ಲೋಸ್ ಕೊಯಾದೋಸ್ ಎಂಬ ದಿಬ್ಬಕ್ಕೆ ಸುಮಾರು 300 ಮೀಟರ್ ಏರಬೇಕು. ಅದನ್ನು ನಡೆಯಿರಿ. ಓಡಿ ತೋರಿಸಲು ಅಲ್ಲಿ ಯಾರೂ ಇರುವುದಿಲ್ಲ. ಆಮೇಲೆ ಸಿಗುವ ಮಟ್ಟದ ಹಾದಿಯಲ್ಲಿ ಕಾಲು ಬಿಡಿ, ಆದರೆ ನೋಟ ನೆಲದ ಮೇಲಿರಲಿ. ಕಣಿವೆ ನೋಡಬೇಕಾ, ನಿಂತು ನೋಡಿ. ಓಡುತ್ತಾ ನೋಡುವ ಕಣಿವೆಯಲ್ಲ ಇದು.

ಎದುರಿನಿಂದ ಜನ ಬಂದರೆ ನಡಿಗೆಗೆ ಇಳಿದು, ಬಂಡೆಗೆ ಒತ್ತಿ ನಿಂತು ಬಿಟ್ಟುಕೊಡಿ. ಹೊರ ಅಂಚಿನಲ್ಲಿ ಯಾರನ್ನೂ ಹಿಂದೆ ಹಾಕಬೇಡಿ. ಮೇಕೆಗಳು ದಾರಿಗೆ ಅಡ್ಡ ಮಲಗಿರುತ್ತವೆ, ಅವುಗಳನ್ನು ಓಡಿಸಲೂ ಹೋಗಬೇಡಿ. ನಿಮ್ಮ ಬಾಳೆಹಣ್ಣಿನ ಮೇಲೆ ಅವಕ್ಕೆ ಕಣ್ಣು. ಮೇಲಿನ ಇಳಿಜಾರಿನಲ್ಲಿ ಮೇಕೆ ಕಂಡರೆ ಅದರ ಕೆಳಗೆ ನಿಲ್ಲದೆ ಸರಸರ ದಾಟಿ, ಅವುಗಳ ಕಾಲಿಗೆ ಸಿಕ್ಕಿ ಕಲ್ಲು ಉರುಳುತ್ತದೆ. ಹಗುರವಾದ ಹೆಲ್ಮೆಟ್ ಇದ್ದರೆ ಹಾಕಿಕೊಳ್ಳಿ, ನಾಚಿಕೆ ಬೇಡ. ಜೋರು ಗಾಳಿ ಮಳೆಯ ದಿನವಾದರೆ ಹೋಗಲೇಬೇಡಿ.

ಕಾಯಿನ್ ಹತ್ತಿರ ಬಂದಾಗ ಸೇತುವೆಗಳು, ಆಮೇಲೆ ಬಂಡೆಯಲ್ಲಿ ಕೊರೆದ ಸುರಂಗಗಳು. ಒಳಗೆ ತಲೆ ತಗ್ಗಿಸಿ. ಊರು ಸಿಕ್ಕಿದರೆ ನೀವು ಆಸ್ತೂರಿಯಸ್ ದಾಟಿ ಲಿಯೋನ್ ಪ್ರಾಂತ್ಯದಲ್ಲಿದ್ದೀರಿ ಅಂತ ಅರ್ಥ. ಕಾಫಿ ಕುಡಿಯಿರಿ, ಬಾಟಲಿ ತುಂಬಿಸಿಕೊಳ್ಳಿ, ಯಾಕೆಂದರೆ ದಾರಿಯಲ್ಲಿ ನೀರಿಲ್ಲ. ಅಲ್ಲಿಂದ ಟ್ಯಾಕ್ಸಿ ಹಿಡಿದು ವಾಪಸು ಬರುತ್ತೇನೆ ಎಂಬ ಯೋಚನೆ ಇದ್ದರೆ ಬಿಡಿ. 12 ಕಿ.ಮೀ. ಕಾಲ್ದಾರಿಗೆ ಬದಲು ಬೆಟ್ಟ ಸುತ್ತಿ ನೂರು ಕಿ.ಮೀ. ಮೀರಿದ ರಸ್ತೆ ಅದು.

ಹಂತ 5: ಬುಲ್ನೆಸ್ ಏರು

ಕಾಲು ಒಂದು ದಿನ ಸುಧಾರಿಸಿಕೊಳ್ಳಲಿ. ಆಮೇಲೆ ಅದೇ ಪೊನ್ಸೆಬೊಸ್‌ನಿಂದ ಹಾಯಾ ಸೇತುವೆ ದಾಟಿ ಬುಲ್ನೆಸ್ ಹಳ್ಳಿಗೆ ಏರಿ. ಸುಮಾರು ನಾಲ್ಕು ಕಿ.ಮೀ., 400 ಮೀಟರಿಗೂ ಜಾಸ್ತಿ ಏರು. ಆ ಊರಿಗೆ ಇಂದಿಗೂ ರಸ್ತೆ ಇಲ್ಲ. 2001ರಲ್ಲಿ ಬೆಟ್ಟದೊಳಗೆ ಹಳಿ ಹಾಕಿ ಫ್ಯೂನಿಕ್ಯುಲರ್ (ಉಕ್ಕಿನ ಹಗ್ಗ ಎಳೆಯುವ ರೈಲು) ಓಡಿಸುವವರೆಗೆ ದಿನಸಿ, ಕಾಯಿಲೆಯವರು, ಹೆಣ ಎಲ್ಲವೂ ಇದೇ ಕಲ್ಲು ದಾರಿಯಲ್ಲೇ ಇಳಿದು ಏರಬೇಕಿತ್ತು. ಹಾಗಾಗಿ ಇಲ್ಲಿನ ಸುಣ್ಣಕಲ್ಲು ಓಡಾಡುವವರ ಕಾಲಿಗೆ ಸವೆದು ನುಣುಪಾಗಿದೆ. ಒದ್ದೆಯಾದರೆ ಎಂಥ ಶೂ ಕೂಡ ನಿಲ್ಲುವುದಿಲ್ಲ. ಏರುವುದು ಓಟಕ್ಕೆ, ಇಳಿಯಲು ಫ್ಯೂನಿಕ್ಯುಲರ್ ಟಿಕೆಟ್. ಮಂಡಿ ಉಳಿಸಿಕೊಳ್ಳಲು ಇದು ಒಳ್ಳೆಯ ಒಪ್ಪಂದ, ಅಲ್ವಾ?

ಬುಲ್ನೆಸ್‌ನಿಂದಾಚೆಗೆ ಉರಿಯೆಲ್ಯು ಶಿಖರದ ಬುಡದವರೆಗೂ ದಾರಿ ಇದೆ. 2,519 ಮೀಟರಿನ ಆ ಗೋಡೆಯಂಥ ಶಿಖರವನ್ನು ಮೊದಲು ಹತ್ತಿದ್ದು 1904ರಲ್ಲಿ, ಪೆದ್ರೊ ಪಿದಾಲ್ ಎಂಬ ಶ್ರೀಮಂತ ಮತ್ತು ಕಾಯಿನ್ ಊರಿನ ಗ್ರೆಗೊರಿಯೊ ಪೆರೆಸ್. ಬುಡದವರೆಗೆ ಹೋಗುವುದೂ ಗಂಟೆಗಟ್ಟಲೆ ಏರು. ಮಂಜು ಕವಿದರೆ ಹತ್ತು ಹೆಜ್ಜೆ ಆಚೆ ಕಾಣುವುದಿಲ್ಲ. ಮೊದಲ ಪ್ರವಾಸದಲ್ಲಿ ಒಬ್ಬರೇ ಹೋಗಬೇಡಿ.

ಹಂತ 6: ಗುರುತು ಓದುವುದು, ಜೇಬಿನಲ್ಲಿಡುವುದು

ಬಂಡೆ, ಮರದ ಮೇಲೆ ಬಣ್ಣದ ಎರಡು ಪಟ್ಟಿ ಇರುತ್ತವೆ. ಬಿಳಿ-ಹಳದಿ ಅಂದರೆ ಮಧ್ಯಮ ದೂರದ ದಾರಿ, ಬಿಳಿ-ಕೆಂಪು ಅಂದರೆ ದಿನಗಟ್ಟಲೆಯ ದೂರದ ದಾರಿ, ಬಿಳಿ-ಹಸಿರು ಅಂದರೆ ಊರ ಸುತ್ತಿನ ಚಿಕ್ಕದು. ಅದೇ ಬಣ್ಣದಲ್ಲಿ ‘X’ ಗುರುತು ಕಂಡರೆ ತಪ್ಪು ದಾರಿ, ತಿರುಗಿ ಬನ್ನಿ. ನಕ್ಷೆಯನ್ನು ಮೊದಲೇ ಫೋನಿಗೆ ಇಳಿಸಿಟ್ಟುಕೊಳ್ಳಿ, ಕಣಿವೆಗಳಲ್ಲಿ ಸಿಗ್ನಲ್ ನೆಚ್ಚಿಕೊಳ್ಳುವ ಹಾಗಿಲ್ಲ. ಆಪತ್ತಿಗೆ 112. ಮಳೆ ಕೋಟು, ಒಂದೂವರೆ ಲೀಟರ್ ನೀರು, ಸೀಟಿ, ತಲೆ ದೀಪ. ಅಷ್ಟು ಸಾಕು.

ಹುಲ್ಲುಗಾವಲಿನ ಕಡೆ ಹೋದರೆ ಮಸ್ತೀನ್ ನಾಯಿಗಳ ಬಗ್ಗೆ ಎಚ್ಚರ. ತೋಳದಿಂದ ಕುರಿ ಕಾಯಲು ಸಾಕಿದ ದೊಡ್ಡ ನಾಯಿಗಳು. ಓಡುವವರನ್ನು ಕಂಡರೆ ಅವಕ್ಕೆ ಆಗುವುದಿಲ್ಲ. ಓಟ ನಿಲ್ಲಿಸಿ, ಹಿಂಡಿನೊಳಗೆ ನುಗ್ಗದೆ ದೂರದಿಂದ ಸುತ್ತಿ ನಡೆದುಹೋಗಿ.

ಹಂತ 7: ಊಟದ ಹೊತ್ತು

ಮಧ್ಯಾಹ್ನದ ಅಡುಗೆಮನೆ ಒಂದೂವರೆಯ ಸುಮಾರಿಗೆ ತೆರೆದು ನಾಲ್ಕರೊಳಗೆ ಮುಚ್ಚುತ್ತದೆ. ರಾತ್ರಿ ಊಟ ಎಂಟೂವರೆಗಿಂತ ಮೊದಲು ಸಿಗುವುದು ಕಷ್ಟ. ಭಾನುವಾರ ಹಳ್ಳಿ ಅಂಗಡಿ ನೆಚ್ಚಿಕೊಳ್ಳಬೇಡಿ. ಬೆಳಗಿನ ಓಟಕ್ಕೆ ಬೇಕಾದ್ದನ್ನು ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳಿ.

ಇಲ್ಲಿನ ಹೆಸರಾಂತ ಫಬಾದಾ ಬಿಳಿ ಬೀನ್ಸ್ ಕಾಳಿನ ಸಾರು, ಆದರೆ ಹಂದಿಮಾಂಸ ಹಾಕಿಯೇ ಬೇಯಿಸುತ್ತಾರೆ. ಸಸ್ಯಾಹಾರಿಗಳು ‘ಮಾಂಸ ತೆಗೆದು ಕೊಡಿ’ ಅಂದರೆ ತುಂಡು ತೆಗೆದು ಅದೇ ಸಾರು ಬಡಿಸುತ್ತಾರೆ. ಬ್ರೆಡ್ಡು ಮತ್ತು ಗುಹೆಯಲ್ಲಿ ಹಣ್ಣಾದ ನೀಲಿ ಬೂಷ್ಟಿನ ಕಾಬ್ರಾಲೆಸ್ ಚೀಸ್ ಕೇಳಿ. ಪೊನ್ಸೆಬೊಸ್‌ನಿಂದ ಆರು ಕಿ.ಮೀ. ಕೆಳಗಿನ ಅರೇನಸ್ ಊರಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ವಾಸನೆ ಜೋರು, ಬಸ್ಸಿನಲ್ಲಿ ತರುವುದಾದರೆ ಎರಡು ಚೀಲ ಸುತ್ತಿ.

ಆಗಸ್ಟಿನಲ್ಲೇ ಹೋಗಬೇಕಾಗಿ ಬಂದರೆ ಕ್ಯಾಲೆಂಡರ್ ನೋಡಿಕೊಳ್ಳಿ. ತಿಂಗಳ ಆರಂಭದ ಒಂದು ಶನಿವಾರ ಸೆಯಾ ನದಿಯಲ್ಲಿ ಅರಿಯೊಂಡಾಸ್‌ನಿಂದ ರೀಬಾದೆಸೆಯಾವರೆಗೆ ದೋಣಿ ಪಂದ್ಯ ನಡೆಯುತ್ತದೆ. ಆ ವಾರಾಂತ್ಯ ಆ ಕಡೆ ರೂಮು, ರೈಲು, ರಸ್ತೆ ಮೂರೂ ಭರ್ತಿ. ಓಡುವ ಆಸೆ ಬಿಟ್ಟು ದಡದಲ್ಲಿ ನಿಂತು ಪಂದ್ಯ ನೋಡುವುದೇ ವಾಸಿ.