ಮೈಲುತುತ್ತಿನಿಂದ ಸೌರಕೋಶದ ಪದರ

ಅಡಿಕೆಗೆ ಮದ್ದು ಬಿಡುವವರ ಮನೆಯಲ್ಲಿ ಮೈಲುತುತ್ತು (ಕಾಪರ್ ಸಲ್ಫೇಟ್) ಇದ್ದೇ ಇರುತ್ತದೆ. ಅದೇ ತುತ್ತಿನಿಂದ ಬೆಳಕು ಹೀರುವ ಅರೆವಾಹಕದ (ಸೆಮಿಕಂಡಕ್ಟರ್) ತೆಳು ಪದರವನ್ನೂ ಬೆಳೆಸಬಹುದು. ಅದರ ಹೆಸರು ಕ್ಯೂಪ್ರಸ್ ಆಕ್ಸೈಡ್. ಮಂಗಳೂರಿನ ಕಾಲೇಜು ಲ್ಯಾಬಿನಲ್ಲಿ ಒಂದು ಮಧ್ಯಾಹ್ನದ ಕೆಲಸ. ತೋಟದ ತುತ್ತು ಮಾತ್ರ ಬೇಡ, ಲ್ಯಾಬಿನ ಶುದ್ಧ ತುತ್ತೇ ಆಗಬೇಕು.

ಮೊದಲು ಗಾಜು. ಒಂದು ಬದಿಗೆ ಕರೆಂಟ್ ಹರಿಯುವ ಲೇಪವಿರುವ ಎಫ್‌ಟಿಒ ಗಾಜು ತೆಗೆದುಕೊಳ್ಳಿ. ನೋಡಲು ಎರಡೂ ಬದಿ ಒಂದೇ ಥರ. ಮಲ್ಟಿಮೀಟರ್ ಇಟ್ಟೇ ಲೇಪದ ಬದಿ ಗುರುತಿಸಬೇಕು. ನಾನು ಮೊದಲ ಸಲ ಸುಮ್ನೆ ಅಂದಾಜಿನಲ್ಲಿ ಇಟ್ಟೆ. ಎದುರಿನ ಬದಿ ಖಾಲಿ, ಹಿಂಬದಿಯಲ್ಲಿ ಮಚ್ಚೆ ಮಚ್ಚೆ! ಗಾಜನ್ನು ಸೋಪು, ಅಸಿಟೋನ್, ಡಿಸ್ಟಿಲ್ಡ್ ವಾಟರ್‌ನಲ್ಲಿ ತೊಳೆಯಿರಿ. ಬೆರಳು ತಾಗಿದ ಕಡೆ ಪದರ ನೆಟ್ಟಗೆ ಕೂರುವುದಿಲ್ಲ.

ಇನ್ನು ದ್ರಾವಣ. 100 ಮಿಲಿಗೆ 10 ಗ್ರಾಂ ತುತ್ತು, ಸುಮಾರು 25 ಮಿಲಿ ಲ್ಯಾಕ್ಟಿಕ್ ಆಸಿಡ್ ಸಿರಪ್. ಮಜ್ಜಿಗೆ ಹುಳಿಯಾಗುವುದು ಇದೇ ಆಸಿಡ್‌ನಿಂದ. ಇದು ಯಾಕೆ ಬೇಕು? ತುತ್ತಿಗೆ ಸುಣ್ಣ ಸೇರಿಸಿದರೆ ಅಡಿಕೆಗೆ ಬಿಡುವ ಬೋರ್ಡೋ ಮದ್ದು ಗಟ್ಟಿ ನೀಲಿಯಾಗುತ್ತದೆ ಅಲ್ವಾ? ಕಾಸ್ಟಿಕ್ ಸೋಡಾ ಹಾಕಿದರೂ ತಾಮ್ರ ಹಾಗೇ ಗಸಿಯಾಗಿ ಬೇರ್ಪಡುತ್ತದೆ. ಲ್ಯಾಕ್ಟಿಕ್ ಆಸಿಡ್ ತಾಮ್ರವನ್ನು ಕರಗಿದ ಸ್ಥಿತಿಯಲ್ಲೇ ಹಿಡಿದಿಟ್ಟುಕೊಳ್ಳುತ್ತದೆ. ಪಿಎಚ್ 9 ಬರುವವರೆಗೆ ಕಾಸ್ಟಿಕ್ ಸೋಡಾ ಕರಗಿಸಿದ ನೀರನ್ನು ಹನಿಹನಿಯಾಗಿ ಬಿಡಿ. ಪಾತ್ರೆ ಬಿಸಿಯಾಗುತ್ತದೆ, ಕನ್ನಡಕ, ಗ್ಲೌಸ್ ಹಾಕಿಕೊಳ್ಳಿ. ಜೂನ್-ಜುಲೈನಲ್ಲಿ ಸೋಡಾದ ಕಾಳುಗಳು ತಕ್ಕಡಿಯ ಮೇಲೇ ಬೆವರಿ ಅಂಟಾಗುತ್ತವೆ. ಬೇಗ ತೂಗಿ, ಡಬ್ಬಿ ಮುಚ್ಚಿ.

ದ್ರಾವಣವನ್ನು 60 ಡಿಗ್ರಿಗೆ ಕಾಯಿಸಿ. ಗಾಜನ್ನೂ ಒಂದು ತಾಮ್ರದ ಪಟ್ಟಿಯನ್ನೂ ಅದರಲ್ಲಿ ಎದುರುಬದುರಾಗಿ ಮುಳುಗಿಸಿ, ಲೇಪದ ಬದಿ ಪಟ್ಟಿಯ ಕಡೆಗಿರಲಿ. ಕರೆಂಟಿನ ಮೈನಸ್ ಗಾಜಿಗೆ, ಪ್ಲಸ್ ತಾಮ್ರದ ಪಟ್ಟಿಗೆ. ಚದರ ಸೆಂಟಿಮೀಟರಿಗೆ 1 ಮಿಲಿಆಂಪಿಯರ್ ಸಾಕು. ಒಂದು ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ದಪ್ಪಕ್ಕೆ ಸುಮಾರು 13-14 ನಿಮಿಷ ಬೇಕು. ಹರಿದ ಚಾರ್ಜ್ ಎಷ್ಟೋ ದಪ್ಪ ಅಷ್ಟೇ, ಇದು ಫ್ಯಾರಡೆಯ ಲೆಕ್ಕ. ಆತುರಪಟ್ಟು ಕರೆಂಟ್ ಜಾಸ್ತಿ ಮಾಡಿದರೆ ಬರೀ ತಾಮ್ರ ಕೂರುತ್ತದೆ. ಹೊಳೆಯುವ ಕೆಂಪು ಕಂಡರೆ ಗಾಜು ಕೆಟ್ಟಿತೆಂದೇ ಲೆಕ್ಕ. ಸರಿಯಾದ ಪದರ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ತೆಗೆದು ತೊಳೆದು ಒಣಗಿಸಿ.

ಇಷ್ಟಕ್ಕೇ ಸೌರಕೋಶ ಆಗುವುದಿಲ್ಲ. ಇದು ಪಿ ಜಾತಿಯ ಪದರ, ಅಂದರೆ ಇದರಲ್ಲಿ ಹರಿಯುವುದು ಪ್ಲಸ್ ಚಾರ್ಜ್. ಜತೆಗೆ ಮೈನಸ್ ಚಾರ್ಜ್ ಹರಿಯುವ ಎನ್ ಜಾತಿಯದ್ದೂ ಬೇಕು. ಸಾಮಾನ್ಯವಾಗಿ ಜಿಂಕ್ ಆಕ್ಸೈಡ್ ಬಳಸುತ್ತಾರೆ, ಅದನ್ನೂ ಹೀಗೇ ಬೆಳೆಸಬಹುದು. ಎರಡನ್ನೂ ಹೀಗೆ ಬೆಳೆಸಿ ಜಪಾನಿನವರು 2007ರಲ್ಲಿ ತೋರಿಸಿದ ದಕ್ಷತೆ ಶೇ 1.28. ಮನೆಯ ಮಾಡಿನ ಸಿಲಿಕಾನ್ ಪ್ಯಾನೆಲ್‌ಗೆ ಹೋಲಿಸಿದರೆ ಏನೂ ಅಲ್ಲ. ಆದರೆ ತಾಮ್ರ ಅಗ್ಗ, ನಿರ್ವಾತದ ಯಂತ್ರವೂ ಬೇಡ.

ಉಳಿದ ನೀಲಿ ದ್ರಾವಣವನ್ನು ಸಿಂಕಿಗೆ ಸುರಿಯಬೇಡಿ, ಬಾಟಲಿಯಲ್ಲಿ ಹಾಕಿಡಿ. ಅಡಿಕೆ ಬುಡಕ್ಕಂತೂ ಬೇಡವೇ ಬೇಡ.