ಬೆಳಗ್ಗೆ ಈಜು, ಸಂಜೆ ವಾಟರ್ ಪೋಲೋ: ಒಂದೇ ಕೊಳವನ್ನು ಎರಡು ಆಟಕ್ಕೆ ಸಜ್ಜು ಮಾಡುವ ಬಗೆ

ಕ್ಯಾಲಿಫೋರ್ನಿಯಾದ ಹಲವು ವಿಶ್ವವಿದ್ಯಾಲಯಗಳಲ್ಲಿ ಈಜು ತಂಡಕ್ಕೂ ವಾಟರ್ ಪೋಲೋ (ಈಜುತ್ತಾ ಚೆಂಡನ್ನು ಗೋಲಿನೊಳಗೆ ಎಸೆಯುವ ಆಟ) ತಂಡಕ್ಕೂ ಒಂದೇ ಕೊಳ. ಲಾಸ್ ಏಂಜಲೀಸ್‌ನ ಯುಸಿಎಲ್‌ಎ ವಿಶ್ವವಿದ್ಯಾಲಯದ ಸ್ಪೀಕರ್ ಈಜುಕೇಂದ್ರವನ್ನೇ ನೋಡಿ. 2009ರಲ್ಲಿ ಆರಂಭವಾದ ಈ ಕೇಂದ್ರದ ಮುಖ್ಯ ಕೊಳ 52 ಮೀ. ಉದ್ದ, 25 ಗಜ ಅಗಲ. ಮಹಿಳೆಯರ ಈಜು ತಂಡ, ಪುರುಷರ ಪೋಲೋ, ಮಹಿಳೆಯರ ಪೋಲೋ ಎಲ್ಲವೂ ಅಲ್ಲೇ. ಕಾಲೇಜು ವೇಳಾಪಟ್ಟಿಯಲ್ಲಿ ಪುರುಷರ ಪೋಲೋ ಡಿಸೆಂಬರ್‌ವರೆಗೆ, ಮಹಿಳೆಯರದು ವಸಂತದಿಂದ ಮೇ ತಿಂಗಳವರೆಗೆ. ಈಜಿನ ಋತು ಈ ಎರಡರ ಜೊತೆಗೂ ತಳುಕು ಹಾಕಿಕೊಂಡಿರುತ್ತದೆ. ಇಂಥ ಕೊಳ ಚೆನ್ನಾಗಿ ನಡೆಯಬೇಕಾದರೆ ಒಂದು ಆಟದಿಂದ ಇನ್ನೊಂದಕ್ಕೆ ಬದಲಿಸುವ ಆ ಒಂದು ಗಂಟೆಯ ಕೆಲಸ ಸರಿಯಾಗಿರಬೇಕು.

ಮೊದಲು ಅಳತೆ

25 ಗಜ ಎಂದರೆ 22.86 ಮೀ. ಪೋಲೋ ಅಂಗಳದ ಅಗಲ 20 ಮೀ. ಅಂಗಳವನ್ನು ಕೊಳದ ಉದ್ದಕ್ಕೆ ಹಾಕಿದರೆ ಎರಡೂ ಬದಿಗೆ 1.43 ಮೀ. ಉಳಿಯುತ್ತದೆ. ಆಟ ನಡೆಯುತ್ತಿರುವಾಗಲೇ ಆಟಗಾರರು ಬದಲಾಗಲು ಅಂಗಳದ ಬದಿಯ ಹಗ್ಗದಾಚೆ ಕನಿಷ್ಠ ಅರ್ಧ ಮೀಟರ್ ಬೇಕು, ಅದಕ್ಕೆ ಇಷ್ಟು ಧಾರಾಳ.

ಉದ್ದ ಬಹುಕಾಲ ಪುರುಷರಿಗೆ 30 ಮೀ., ಮಹಿಳೆಯರಿಗೆ 25 ಮೀ. ಇತ್ತು. ಈಚೆಗೆ ಅಂತರರಾಷ್ಟ್ರೀಯ ನಿಯಮಗಳು ಬದಲಾಗಿವೆ. ಆದ್ದರಿಂದ ಯಾವ ವರ್ಷದ ನಿಯಮಪುಸ್ತಕದಡಿ ಪಂದ್ಯ ಎಂಬುದನ್ನು ಹಿಂದಿನ ದಿನವೇ ಬರಹದಲ್ಲಿ ತರಿಸಿಕೊಳ್ಳಿ. ಈ ಅಳತೆ ಗೋಲು ಗೆರೆಯಿಂದ ಗೋಲು ಗೆರೆಗೆ, ಗೋಡೆಯಿಂದ ಗೋಡೆಗಲ್ಲ. ಅತಿ ಹೆಚ್ಚು ತಪ್ಪು ಆಗುವುದು ಇಲ್ಲಿಯೇ. 30 ಮೀ. ಅಂಗಳಕ್ಕೆ ಗೋಲಿನ ಹಿಂಬದಿಯ ಜಾಗವನ್ನೂ ಸೇರಿಸಿ 33 ಮೀ. ಎಂದುಕೊಳ್ಳಿ. ಬಲ್ಕ್‌ಹೆಡ್‌ಗೆ (ಕೊಳವನ್ನು ಅಡ್ಡಲಾಗಿ ಭಾಗಿಸುವ, ಸರಿಸಬಲ್ಲ ಗೋಡೆ) ಒಂದು ಮೀಟರ್ ಬಿಟ್ಟರೆ 52 ಮೀ.ನಲ್ಲಿ 18 ಮೀ. ಉಳಿಯುತ್ತದೆ. ಅದರಲ್ಲಿ 2.5 ಮೀ. ಅಗಲದ ಏಳು ಲೇನ್‌ಗಳು ಹಿಡಿಯುತ್ತವೆ. ಪೋಲೋ ಅಭ್ಯಾಸದ ಹೊತ್ತಿಗೆ ಈಜುಗಾರರನ್ನು ಮನೆಗೆ ಕಳಿಸಬೇಕಾಗಿಲ್ಲ.

ಲೇನ್ ಹಗ್ಗ ತೆಗೆಯುವುದು

ಮೂರು ಜನ ಸಾಕು: ರೀಲ್ ಬಳಿ ಒಬ್ಬರು, ಎದುರು ಬದಿಗೆ ಒಬ್ಬರು, ನೀರಿನಲ್ಲಿ ಒಬ್ಬರು. ಮೊದಲು ರ‍್ಯಾಚೆಟ್ (ಹಗ್ಗ ಬಿಗಿಯುವ ಹಲ್ಲುಚಕ್ರ) ಪೂರ್ತಿ ಸಡಿಲಿಸಿ, ಆಮೇಲೆ ಕೊಕ್ಕೆ ಬಿಚ್ಚಿ. ಬಿಗಿ ಇರುವಾಗಲೇ ಕೊಕ್ಕೆ ಬಿಚ್ಚಿದರೆ ಒಳಗಿನ ಉಕ್ಕಿನ ತಂತಿ ಚಿಮ್ಮಿ ಕೈಗೋ ಮುಖಕ್ಕೋ ಬಡಿಯುತ್ತದೆ. ಹಗ್ಗ ರೀಲ್‌ಗೆ ಸುತ್ತಿಕೊಳ್ಳುವಾಗ ನೀರಿನಲ್ಲಿರುವವರು ಅದನ್ನು ಕೊಳದ ಅಂಚಿನಿಂದ ಎತ್ತಿ ಹಿಡಿಯಬೇಕು. ಅಂಚಿಗೆ ಉಜ್ಜಿ ಎಳೆದರೆ ಅಲೆ ತಡೆಯುವ ಬಿಲ್ಲೆಗಳು ಸೀಳುತ್ತವೆ, ಮರುದಿನ ಈಜುಗಾರ್ತಿಯ ಬೆರಳು ಕೊಯ್ಯುವುದು ಆ ಸೀಳೇ. 15 ಸೆಂ.ಮೀ. ವ್ಯಾಸದ ಬಿಲ್ಲೆಗಳು ರೀಲ್‌ನಲ್ಲಿ ತುಂಬಾ ಜಾಗ ತಿನ್ನುತ್ತವೆ. ಒಂದೇ ರೀಲ್‌ಗೆ ತುರುಕುವ ಬದಲು ಇನ್ನೊಂದು ತನ್ನಿ. ಕೊನೆಗೆ ಗೋಡೆಯ ಕೊಕ್ಕೆ ಗೂಡುಗಳಿಗೆ ಮುಚ್ಚಳ ಹಾಕಿ. ಪೋಲೋ ಆಟಗಾರ ಗೋಡೆಗೆ ಒದ್ದು ಚಿಮ್ಮುವಾಗ ಕಾಲ್ಬೆರಳು ಸಿಕ್ಕಿಕೊಳ್ಳುವುದು ಅಲ್ಲೇ.

ಟಚ್‌ಪ್ಯಾಡ್‌ಗಳನ್ನು (ಈಜುಗಾರರ ಸ್ಪರ್ಶದಿಂದ ಸಮಯ ದಾಖಲಿಸುವ ಗೋಡೆಯ ಹಲಗೆಗಳು) ತಪ್ಪದೆ ತೆಗೆಯಿರಿ. ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ನೇರವಾಗಿ ನೇತುಹಾಕಿ. ಮಡಚಿದ ಅಥವಾ ಚೆಂಡಿನ ಏಟು ತಿಂದ ಪ್ಯಾಡ್ ಮುಂದಿನ ಸ್ಪರ್ಧೆಯಲ್ಲಿ ಸ್ಪರ್ಶವನ್ನೇ ದಾಖಲಿಸದೆ ಹೋಗಬಹುದು.

ಗೋಲು ನಿಲ್ಲಿಸುವುದು

ಕಂಬಗಳ ಒಳ ಅಂತರ 3 ಮೀ. ನೀರು 1.5 ಮೀ. ಅಥವಾ ಹೆಚ್ಚು ಆಳವಿದ್ದರೆ ಅಡ್ಡಪಟ್ಟಿಯ ಕೆಳಬದಿ ನೀರಿನ ಮಟ್ಟದಿಂದ 90 ಸೆಂ.ಮೀ. ಮೇಲಿರಬೇಕು. 90 ಸೆಂ.ಮೀ.ಗೆ ಕತ್ತರಿಸಿದ ಒಂದು ಪಿವಿಸಿ ಕೊಳವೆ ಇಟ್ಟುಕೊಂಡರೆ ಟೇಪ್ ಹಿಡಿದು ಒದ್ದಾಡಬೇಕಿಲ್ಲ. ಎರಡೂ ಕಂಬಗಳ ಬಳಿ ಮತ್ತು ನಡುವೆ, ಮೂರೂ ಕಡೆ ಅಳೆಯಿರಿ. ತೇಲುವ ಗೋಲು ನೀರಿನ ಜೊತೆ ಏರಿಳಿಯುತ್ತದೆ, ಬಲ್ಕ್‌ಹೆಡ್‌ಗೆ ಬಿಗಿದ ಗೋಲು ಏರಿಳಿಯುವುದಿಲ್ಲ. ಆದ್ದರಿಂದ ಬಿಗಿದ ಗೋಲನ್ನು ಕೊಳ ಪಂದ್ಯದ ಮಟ್ಟಕ್ಕೆ ತುಂಬಿದ ಮೇಲೆಯೇ ಹೊಂದಿಸಿ. ಬಲ್ಕ್‌ಹೆಡ್‌ನ ಪಿನ್‌ಗಳು ಪೂರ್ತಿ ಇಳಿದಿವೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ತೇಲುವ ಗೋಲನ್ನು ಹಿಂದಕ್ಕೂ ಬದಿಗೂ ಕಟ್ಟಿದ ತಂತಿ ಸಡಿಲವಿದ್ದರೆ ಗೋಲು ಒಂದೊಂದು ಹೊಡೆತಕ್ಕೂ ಸ್ವಲ್ಪ ಸ್ವಲ್ಪ ಸರಿಯುತ್ತದೆ. ಗೋಲಿಗಳು (ಗೋಲು ಕಾಯುವವರು) ಅಭ್ಯಾಸದಲ್ಲಿ ಅಡ್ಡಪಟ್ಟಿಗೆ ಜೋತುಬೀಳುತ್ತಾರೆ, ಬೇಡ ಎಂದರೂ ಕೇಳುವುದಿಲ್ಲ. ಹೀಗಾಗಿ ಅಭ್ಯಾಸ ಮುಗಿದ ಮೇಲೆ, ಪಂದ್ಯಕ್ಕೆ ಮುಂಚೆ, ಎತ್ತರವನ್ನೂ ಗೆರೆಯನ್ನೂ ಇನ್ನೊಮ್ಮೆ ಅಳೆಯಲೇಬೇಕು.

ಗುರುತುಗಳು: ಗೋಲು ಗೆರೆ ಮತ್ತು ನಡುಗೆರೆಗೆ ಬಿಳಿ, ಗೋಲು ಗೆರೆಯಿಂದ 2 ಮೀ.ಗೆ ಕೆಂಪು, 6 ಮೀ.ಗೆ ಹಳದಿ. ಬದಿಯ ಹಗ್ಗವನ್ನು ಎಳೆದು ಬಿಗಿ ಮಾಡಿದ ನಂತರವೇ ಗುರುತು ಹೊಂದಿಸಿ, ಬಿಗಿಯುವಾಗ ತೇಲುಬಿಲ್ಲೆಗಳು ಜಾರುತ್ತವೆ. ಶಾಟ್‌ಕ್ಲಾಕ್‌ಗಳನ್ನು (ಹೊಡೆತಕ್ಕೆ ಉಳಿದ ಸಮಯ ತೋರಿಸುವ ಗಡಿಯಾರ) ಇಟ್ಟಮೇಲೆ ಒಬ್ಬರು ಗೋಲಿಯ ಜಾಗದಲ್ಲಿ ನೀರಿಗಿಳಿದು ನೋಡಲಿ. ದಡದ ಮೇಲೆ ನಿಂತವರಿಗೆ ಚೆನ್ನಾಗಿ ಕಾಣುವ ಗಡಿಯಾರ ನೀರಿನ ಮಟ್ಟದ ಕಣ್ಣಿಗೆ ಬಿಸಿಲಿನ ಹೊಳಪಿನಲ್ಲಿ ಮಾಯವಾಗಬಹುದು.

ಪುರುಷರ ಚೆಂಡು 400ರಿಂದ 450 ಗ್ರಾಂ, ಸುತ್ತಳತೆ 68ರಿಂದ 71 ಸೆಂ.ಮೀ. ಮಹಿಳೆಯರ ಚೆಂಡಿನ ಸುತ್ತಳತೆ 65ರಿಂದ 67 ಸೆಂ.ಮೀ. ಗಾಳಿ ಹಾಕುವ ಸೂಜಿಯನ್ನು ಒದ್ದೆ ಮಾಡಿ ಚುಚ್ಚಿ, ಒಣ ಸೂಜಿ ವಾಲ್ವ್ ಹರಿಯುತ್ತದೆ.

ನೀರು

ಈಜು ಸ್ಪರ್ಧೆಗೆ 25ರಿಂದ 28 ಡಿಗ್ರಿ ಸೆಲ್ಸಿಯಸ್ ನಡೆಯುತ್ತದೆ, ಪೋಲೋಗೆ 26ರ ಆಸುಪಾಸು. 26.5ಕ್ಕೆ ನಿಲ್ಲಿಸಿದರೆ ಇಬ್ಬರೂ ಗೊಣಗುವುದಿಲ್ಲ. ಪಿಎಚ್ 7.2ರಿಂದ 7.6.

ಪೋಲೋ ಆಟಗಾರರು ತಲೆ ಎತ್ತಿ ಈಜುತ್ತಾರೆ, ಮೂಗು ಸದಾ ನೀರಿಗೆ ಹತ್ತಿರ. ನೀರಿನ ಮೇಲ್ಮೈಯಲ್ಲಿ ಸೇರುವ ಕ್ಲೋರಮೈನ್ ನೇರವಾಗಿ ಅವರ ಶ್ವಾಸಕೋಶಕ್ಕೆ ಹೋಗುತ್ತದೆ. ಕಣ್ಣು ಉರಿಸುವ ಆ ಘಾಟು ಕ್ಲೋರಿನ್ ಹೆಚ್ಚಾಗಿದ್ದಕ್ಕಲ್ಲ. ಬೆವರು, ಮೂತ್ರದ ಜೊತೆ ಕ್ಲೋರಿನ್ ಸೇರಿ ಆದ ಕ್ಲೋರಮೈನ್ ಅದು. ಆಟಕ್ಕೆ ಮುಂಚೆ ಶವರ್ ಕಡ್ಡಾಯ ಮಾಡುವುದು ಅದಕ್ಕೇ.

ಪಂದ್ಯದ ರಾತ್ರಿ ಪರೀಕ್ಷೆ ಮಾಡಿ. ಒಟ್ಟು ಕ್ಲೋರಿನ್ 2.5 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ), ಮುಕ್ತ ಕ್ಲೋರಿನ್ (ಇನ್ನೂ ಯಾವುದರ ಜೊತೆಗೂ ಸೇರದ್ದು) 2.0 ಬಂತೆನ್ನಿ. ವ್ಯತ್ಯಾಸ 0.5, ಅದೇ ಕ್ಲೋರಮೈನ್. ಇದನ್ನು ಒಡೆಯಲು ಮುಕ್ತ ಕ್ಲೋರಿನ್ ಅದರ ಹತ್ತು ಪಟ್ಟು, ಅಂದರೆ 5 ಪಿಪಿಎಂ ಮುಟ್ಟಬೇಕು. 2 ಈಗಾಗಲೇ ಇದೆ, ಇನ್ನು 3 ಬೇಕು. 52 ಮೀ. × 22.86 ಮೀ. ಕೊಳಕ್ಕೆ ಸರಾಸರಿ 2.1 ಮೀ. ಆಳ ಹಿಡಿದರೆ ಸುಮಾರು 25 ಲಕ್ಷ ಲೀಟರ್ ನೀರು. 3 ಪಿಪಿಎಂಗೆ 7.5 ಕೆ.ಜಿ. ಕ್ಲೋರಿನ್, ಅಂದರೆ 12.5 ಶೇಕಡಾ ಸೋಡಿಯಂ ಹೈಪೋಕ್ಲೋರೈಟ್ ಸುಮಾರು 60 ಲೀಟರ್. ಅರ್ಧಕ್ಕೆ ನಿಲ್ಲಿಸಿದರೆ ಘಾಟು ಹೋಗುವುದಿಲ್ಲ, ಹೆಚ್ಚಾದರೂ ಆಗಬಹುದು. ಪಂಪ್ ಓಡುತ್ತಿರಲಿ. ಆಮ್ಲವನ್ನು ಇದರ ಜೊತೆ ಎಂದೂ ಸೇರಿಸಬೇಡಿ, ಒಂದೇ ಬಕೆಟ್ ಕೂಡ ಬಳಸಬೇಡಿ: ಹೊರಬರುವುದು ಕ್ಲೋರಿನ್ ಅನಿಲ. ಮುಕ್ತ ಕ್ಲೋರಿನ್ 4 ಪಿಪಿಎಂಗಿಂತ ಕೆಳಗಿಳಿಯುವವರೆಗೆ ಬೆಳಗಿನ ಈಜುಗಾರರನ್ನು ಇಳಿಸಬೇಡಿ.

ಮತ್ತೆ ಲೇನ್ ಹಾಕಿದ ಮೇಲೆ ಬೆನ್ನೀಜಿನ ಬಾವುಟಗಳನ್ನು ಗೋಡೆಯಿಂದ 15 ಅಡಿಗೆ, ನೀರಿನಿಂದ 7 ಅಡಿ ಎತ್ತರಕ್ಕೆ ಕಟ್ಟಿ. ಗಜದ ಕೊಳದ ಅಳತೆ ಇದು, ಮೀಟರ್ ಕೊಳದ 5 ಮೀ. ಅಲ್ಲ. ಈ 43 ಸೆಂ.ಮೀ. ವ್ಯತ್ಯಾಸದಿಂದ ಬೆನ್ನೀಜಿನವರ ಕೈಬೀಸಿನ ಎಣಿಕೆ ತಪ್ಪಿ ತಲೆ ಗೋಡೆಗೆ ಬಡಿಯಬಹುದು.